ಫೈರ್ ಟೆಕ್ನಾಲಜಿ ಓದಿದರೆ ಮುಂದೇನು?

ಪ್ರಶ್ನೆ: ನಾವು ಇಪ್ಪತ್ತು ವರ್ಷಗಳಿಂದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಇಲ್ಲಿಯೇ ಹುಟ್ಟಿ ಬೆಳೆದ ಮಗ ಹೈಸ್ಕೂಲು ಮುಗಿಸಿದ್ದು, ಕಂಪ್ಯೂಟರ್ ಸೈನ್ಸ್ ಬೇಡ, ಕಮ್ಯುನಿಟಿ ಕಾಲೇಜಿನಲ್ಲಿ ಫೈರ್ ಟೆಕ್ನಾಲಜಿ ಓದುತ್ತೇನೆಂದು ಹಟ ಹಿಡಿದಿದ್ದಾನೆ. ನಮ್ಮ ಯಜಮಾನರಿಗೆ ಇದು ಓದೇ ಅಲ್ಲ ಎನಿಸಿದೆ. ನನಗೆ ಅವನ ಜೀವದ ಚಿಂತೆ. ಈ ಎರಡು ವರ್ಷದ ಓದಿನಿಂದ ಯಾವ ಕೆಲಸ ಸಿಗುತ್ತದೆ? ಮುಂದೆ ಎಂಜಿನಿಯರಿಂಗ್‌ಗೆ ದಾರಿ ಉಳಿಯುತ್ತದೆಯೇ?

ಉತ್ತರ: ಖರ್ಚಿನ ಮಾತನ್ನು ಮೊದಲು ಮುಗಿಸಿಬಿಡೋಣ. ರಾಜ್ಯದ ನಿವಾಸಿಗಳಿಗೆ ಕಮ್ಯುನಿಟಿ ಕಾಲೇಜಿನ ಶುಲ್ಕ ಯೂನಿಟ್‌ಗೆ (ಪಾಠಗಳನ್ನು ಎಣಿಸುವ ಅಳತೆ) 46 ಡಾಲರ್; ಅಸೋಸಿಯೇಟ್ ಎಂಬ ಈ ಎರಡು ವರ್ಷದ ಪದವಿಯ 60 ಯೂನಿಟ್‌ಗಳಿಗೆ 2,760 ಡಾಲರ್ ಆಗುತ್ತದೆ, ಪುಸ್ತಕ ಇತ್ಯಾದಿ ಬೇರೆ. ಸಾಂಟಾ ಕ್ಲಾರಾದ ಮಿಷನ್ ಕಾಲೇಜು, ಹೇವರ್ಡ್‌ನ ಶಬೋ ಕಾಲೇಜು ಎರಡೂ ನಿಮ್ಮ ಮನೆಯಿಂದ ಹೋಗಿಬರುವಷ್ಟು ಹತ್ತಿರದಲ್ಲಿವೆ.

ಮಗನನ್ನು ನೀವು ಕೇಳಬೇಕಾದದ್ದು ಬೇರೆಯೇ ಇದೆ: ಅವನಿಗೆ ಬೇಕಿರುವುದು ಬೆಂಕಿ ಆರಿಸುವ ಕೆಲಸವೋ, ಬೆಂಕಿ ಹರಡದಂತೆ ಕಟ್ಟಡವನ್ನು ಸಜ್ಜುಗೊಳಿಸುವ ಕೆಲಸವೋ? ಒಂದೇ ತರಗತಿಯಲ್ಲಿ ಕುಳಿತು ದಹನದ ಸ್ವಭಾವ, ಕಟ್ಟಡ ರಚನೆ, ಅಗ್ನಿರಕ್ಷಣಾ ವ್ಯವಸ್ಥೆಗಳನ್ನು ಓದಿದವರು ಹೊರಬಂದ ಮೇಲೆ ಈ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ.

ಅಗ್ನಿಶಾಮಕ ದಳಕ್ಕೆ ಸೇರಲು ಈ ಪದವಿಯೊಂದೇ ಸಾಲದು. ತುರ್ತು ವೈದ್ಯಕೀಯ ನೆರವಿನ ಇಎಂಟಿ ಪ್ರಮಾಣಪತ್ರ, ಫೈರ್ ಅಕಾಡೆಮಿಯ ತರಬೇತಿ, ಜೊತೆಗೆ ಸಿಪಿಎಟಿ ಎಂಬ ದೈಹಿಕ ಪರೀಕ್ಷೆಯನ್ನು ಹೆಚ್ಚಿನ ಕಡೆ ಕೇಳುತ್ತಾರೆ. ಆ ಪರೀಕ್ಷೆಯಲ್ಲಿ 50 ಪೌಂಡ್ ತೂಕದ ಜಾಕೆಟ್ ತೊಟ್ಟು, ಮೆಟ್ಟಿಲು ಹತ್ತುವಾಗ ಇನ್ನೂ 25 ಪೌಂಡ್ ಹೊತ್ತು, ಎಂಟು ಕೆಲಸಗಳನ್ನು 10 ನಿಮಿಷ 20 ಸೆಕೆಂಡಿನೊಳಗೆ ಮುಗಿಸಬೇಕು. ನಿಮ್ಮ ಚಿಂತೆ ಸುಳ್ಳೆಂದು ಹೇಳಲಾರೆ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2022ರಲ್ಲಿ ಈ ವೃತ್ತಿಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಆದರೆ ದಳಕ್ಕೆ ಬರುವ ಕರೆಗಳಲ್ಲಿ ಹೆಚ್ಚಿನವು ಬೆಂಕಿಯವಲ್ಲ, ವೈದ್ಯಕೀಯ ಕರೆಗಳು.

ಎರಡನೆಯ ದಾರಿಯನ್ನು ನಮ್ಮವರು ಗಮನಿಸುವುದೇ ಕಡಿಮೆ. ಮುಂದಿನ ಸಲ ದಿನಸಿ ಅಂಗಡಿಗೆ ಹೋದಾಗ ತಲೆಯೆತ್ತಿ ಚಾವಣಿಯ ಸ್ಪ್ರಿಂಕ್ಲರ್ ನೋಡಿ; ಬೆಂಕಿ ಬಿದ್ದಾಗ ತಾನಾಗಿ ನೀರು ಸುರಿಸುವ ಸಾಧನ ಅದು. ಅದರ ನಡುವೆ ಬೆರಳಿಗಿಂತ ಸಪೂರವಾದ ಗಾಜಿನ ಕೊಳವೆಯೊಂದಿದ್ದು, ಒಳಗಿನ ದ್ರವ ಕೆಂಪಗಿದ್ದರೆ ಅದು ಸುಮಾರು 68 ಡಿಗ್ರಿ ಸೆಲ್ಸಿಯಸ್‌ಗೆ ಒಡೆಯುತ್ತದೆ. ಆಗ ನೀರು ಸುರಿಯುವುದು ಅಷ್ಟು ಕಾವು ತಟ್ಟಿದ ಸ್ಪ್ರಿಂಕ್ಲರ್ ತಲೆಯಿಂದ ಮಾತ್ರ. (ಸಿನಿಮಾದಲ್ಲಿ ಇಡೀ ಕಟ್ಟಡಕ್ಕೆ ಒಮ್ಮೆಲೇ ಮಳೆ ಸುರಿಸುತ್ತಾರೆ, ಅದನ್ನು ನಂಬಬೇಡಿ.) ಅಂತಹ ತಲೆಗಳ ನಡುವೆ ಎಷ್ಟು ಅಂತರವಿರಬೇಕು, ಪೈಪು ಎಷ್ಟು ದಪ್ಪವಿರಬೇಕು, ಬೀದಿಯ ನೀರಿನ ಒತ್ತಡ ಕೊನೆಯ ಮೂಲೆಯವರೆಗೆ ಸಾಲುತ್ತದೆಯೇ ಎಂಬುದನ್ನು ಎನ್‌ಎಫ್‌ಪಿಎ 13 ಎಂಬ ಸ್ಪ್ರಿಂಕ್ಲರ್ ಅಳವಡಿಕೆಯ ಮಾನದಂಡಕ್ಕೆ ಹೊಂದಿಸಿ ಲೆಕ್ಕ ಹಾಕಿ ನಕ್ಷೆ ಬರೆಯುವವರೇ ಲೇಔಟ್ ಟೆಕ್ನಿಷಿಯನ್‌ಗಳು. ಇದು ಓದಲ್ಲ ಎನ್ನುವ ನಿಮ್ಮ ಯಜಮಾನರು ಅಂಥ ಒಂದು ಲೆಕ್ಕದ ಹಾಳೆಯನ್ನು ತರಿಸಿ ನೋಡಲಿ. ಈ ಕೆಲಸದಲ್ಲಿ ಬಡ್ತಿಗೆ, ತಂತ್ರಜ್ಞರ ಅರ್ಹತೆ ಅಳೆಯುವ ನೈಸೆಟ್ ಸಂಸ್ಥೆಯ ಪ್ರಮಾಣಪತ್ರದ ನಾಲ್ಕು ಹಂತಗಳಿವೆ. ಪರೀಕ್ಷೆಯ ಜೊತೆಗೆ ಅನುಭವದ ವರ್ಷಗಳೂ ಎಣಿಕೆಗೆ ಬರುತ್ತವೆ. ಅಲಾರಂ ವ್ಯವಸ್ಥೆಯ ಕೆಲಸ, ನಗರಾಡಳಿತದಲ್ಲಿ ಕಟ್ಟಡ ನಕ್ಷೆಗಳ ಪರಿಶೀಲನೆ, ತಪಾಸಣೆ, ವಿಮಾ ಕಂಪನಿಗಳ ಅಪಾಯ ಸಮೀಕ್ಷೆ ಕೂಡ ಇದೇ ದಾರಿಯವು.

ನೀವು ಬೆಂಗಳೂರಿನ ಕಡೆಯವರಾದರೆ 2010ರ ಫೆಬ್ರವರಿ 23ರ ಕಾರ್ಲ್‌ಟನ್ ಟವರ್ಸ್ ದುರಂತ ನೆನಪಿರಬಹುದು. ಒಂಬತ್ತು ಜನರ ಜೀವ ಹೋದ ಆ ಕಟ್ಟಡದಲ್ಲಿ ವಿದ್ಯುತ್ ಕೇಬಲ್‌ಗಳ ಶಾಫ್ಟ್ (ಮಹಡಿಯಿಂದ ಮಹಡಿಗೆ ಹಾಯುವ ನೆಟ್ಟಗಿನ ಪೊಳ್ಳು ದಾರಿ) ಹಿಡಿದು ಮೇಲೇರಿದ ಹೊಗೆ ಮಹಡಿಗಳನ್ನು ತುಂಬಿತ್ತು. ಅಂಥ ಶಾಫ್ಟನ್ನು ಪ್ರತಿ ಮಹಡಿಯಲ್ಲೂ ಮುಚ್ಚಿಸಲಾಗಿದೆಯೇ, ಹೊರಹೋಗುವ ಬಾಗಿಲಿಗೆ ಬೀಗ ಬಿದ್ದಿದೆಯೇ ಎಂದು ನೋಡುವ ತಪಾಸಕನಿಗೆ ಬೇಕಾದ ಕಣ್ಣು ಈ ಓದಿನಿಂದ ಬರುತ್ತದೆ.

ಎಂಜಿನಿಯರಿಂಗ್ ವಿಷಯದಲ್ಲಿ ಎಚ್ಚರ ಬೇಕು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಅಗ್ನಿರಕ್ಷಣಾ ಎಂಜಿನಿಯರಿಂಗ್ ಪದವಿಯೇ ಇದೆ. ಆದರೆ ಫೈರ್ ಟೆಕ್ನಾಲಜಿಯ ಯೂನಿಟ್‌ಗಳನ್ನೇ ನೆಚ್ಚಿಕೊಂಡು ಅಂಥ ಪದವಿಗೆ ಹೋದರೆ ಗಣಿತ, ವಿಜ್ಞಾನವನ್ನು ಮೊದಲಿನಿಂದ ಓದಬೇಕಾಗಿ ಬಂದು ವರ್ಷಗಳು ವ್ಯರ್ಥವಾಗುತ್ತವೆ. ಅವನಿಗೆ ಆ ಆಸೆ ಒಂದಿಷ್ಟಿದ್ದರೂ ಅದೇ ಕಾಲೇಜಿನಲ್ಲಿ ಮೊದಲ ಸೆಮಿಸ್ಟರಿನಿಂದಲೇ ಕ್ಯಾಲ್ಕ್ಯುಲಸ್, ಭೌತಶಾಸ್ತ್ರ, ರಸಾಯನಶಾಸ್ತ್ರ ತೆಗೆದುಕೊಳ್ಳಲಿ. ಹೆಸರು ನೋಂದಾಯಿಸುವ ಮುನ್ನ, ಯಾವ ಯೂನಿಟ್ ಯಾವ ವಿಶ್ವವಿದ್ಯಾಲಯಕ್ಕೆ ವರ್ಗವಾಗುತ್ತದೆಂಬ ಪಟ್ಟಿಯನ್ನು ಕೌನ್ಸೆಲರ್‌ರಿಂದ ಲಿಖಿತವಾಗಿಯೇ ಪಡೆದುಕೊಳ್ಳಿ.