ಹೋಯಾ ಬಳ್ಳಿಗೆ ಬೆಳಕೆಷ್ಟು, ನೀರೆಷ್ಟು?

ಪ್ರಶ್ನೆ: ನಡುಮನೆಯ ಕುಂಡದಲ್ಲಿರುವ ಹೋಯಾ ಬಳ್ಳಿಗೆ ದಿನವೂ ನೀರು ಹಾಕುತ್ತಿದ್ದರೂ ಎಲೆಗಳು ಹಳದಿಯಾಗಿ ಉದುರುತ್ತಿವೆ; ಹೂವನ್ನೂ ಬಿಟ್ಟಿಲ್ಲ. ಏನು ಮಾಡಬೇಕು?
— ಓದುಗರೊಬ್ಬರು, ರಾಯಚೂರು

ಉತ್ತರ: ದಿನವೂ ನೀರು ಹಾಕುವುದನ್ನು ಇಂದೇ ನಿಲ್ಲಿಸಿರಿ. ಹೋಯಾ ಕಾಡಿನಲ್ಲಿ ಹೆಚ್ಚಾಗಿ ಮರಗಳ ಮೇಲೆ ಹಬ್ಬಿ ಬೆಳೆಯುವ ಬಳ್ಳಿ. ದಪ್ಪ ಎಲೆಗಳಲ್ಲಿಯೇ ನೀರನ್ನು ಕೂಡಿಟ್ಟುಕೊಳ್ಳುವುದರಿಂದ ಅದು ಒಣಹವೆಯನ್ನು ತಾಳಿಕೊಳ್ಳುತ್ತದೆ, ಆದರೆ ಸದಾ ಹಸಿಯಾಗಿರುವ ಮಣ್ಣಿನಲ್ಲಿ ಬೇರಿಗೆ ಗಾಳಿ ಸಿಗದೆ ಕೊಳೆತುಹೋಗುತ್ತದೆ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ ನೋಡಿ, ಒಣಗಿದ್ದರೆ ಮಾತ್ರ ಕುಂಡದ ತಳದಿಂದ ಹರಿದು ಬರುವವರೆಗೆ ನೀರು ಹಾಕಿರಿ. ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ. ಎಲೆ ಸುಕ್ಕುಗಟ್ಟಿತೆಂದು ಗಾಬರಿಯಿಂದ ನೀರೆರೆಯಬೇಡಿ: ಮಣ್ಣು ಹಸಿಯಿದ್ದೂ ಎಲೆ ಸುಕ್ಕಾಗಿದ್ದರೆ ಬೇರು ಕೊಳೆತಿರುವ ಸಾಧ್ಯತೆಯೇ ಹೆಚ್ಚು. ಆಗ ಬಳ್ಳಿಯನ್ನು ಕುಂಡದಿಂದ ಬಿಡಿಸಿ, ಕಪ್ಪಾಗಿ ಮೆತ್ತಗಾದ ಬೇರುಗಳನ್ನು ಕತ್ತರಿಸಿ, ತೆಂಗಿನ ನಾರು ಮತ್ತು ಇದ್ದಿಲಿನ ಚೂರು ಬೆರೆಸಿದ ಸಡಿಲ ಮಣ್ಣಿನಲ್ಲಿ ನೆಡಿರಿ.

ಹೂ ಬಿಡದಿರಲು ಬಹುಮಟ್ಟಿಗೆ ಬೆಳಕಿನ ಕೊರತೆಯೇ ಕಾರಣ. ಕುಂಡವನ್ನು ಪೂರ್ವದ ಕಿಟಕಿಯ ಬಳಿ ಇಡಿರಿ. ಎಳೆಬಿಸಿಲು ಒಳ್ಳೆಯದು, ಆದರೆ 40 ಡಿಗ್ರಿ ದಾಟುವ ನಮ್ಮ ಭಾಗದ ಬೇಸಿಗೆಯಲ್ಲಿ ಮಧ್ಯಾಹ್ನದ ಬಿಸಿಲು ನೇರವಾಗಿ ಬಿದ್ದರೆ ಎಲೆ ಸುಟ್ಟುಹೋಗುತ್ತದೆ. ಮುಂದೆ ಹೂಗೊಂಚಲು ಬಂದು ಬಾಡಿದಾಗ ಅದರ ಗಿಡ್ಡ ತೊಟ್ಟನ್ನು ದಯವಿಟ್ಟು ಕತ್ತರಿಸಬೇಡಿ. ಬಹುತೇಕ ಹೋಯಾಗಳಲ್ಲಿ ಮುಂದಿನ ಹೂಗಳು ಅದೇ ತೊಟ್ಟಿನಿಂದ ಬರುತ್ತವೆ.