ಊರಲ್ಲಿ ಹುಡುಗರಿದ್ದಾರೆ, ಕುಯ್ಲಿಗೆ ಆಳಿಲ್ಲ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಆಲೂರು ತಾಲ್ಲೂಕಿನಲ್ಲಿ ನಮ್ಮದು 10 ಎಕರೆ ರೋಬಸ್ಟಾ ಕಾಫಿ ತೋಟ. ಊರಲ್ಲಿ ಡಿಗ್ರಿ ಮುಗಿಸಿ ಮನೆಯಲ್ಲೇ ಇರುವ ಹುಡುಗರು ಹತ್ತಿಪ್ಪತ್ತು ಮಂದಿ ಇದ್ದಾರೆ. ಜನವರಿಯಲ್ಲಿ ಹಣ್ಣು ಗಿಡದಲ್ಲೇ ಒಣಗಿ ಉದುರುತ್ತಿದ್ದರೂ ಒಬ್ಬರೂ ಇತ್ತ ಬರುವುದಿಲ್ಲ. ಕೊನೆಗೆ ಆಳು ಒದಗಿಸುವ ಮೇಸ್ತ್ರಿಗೆ ಮುಂಗಡ ಕೊಟ್ಟು ಅಸ್ಸಾಮಿನವರನ್ನು ಕರೆಸುತ್ತೇವೆ. ಬಿಟ್ಟಿ ಅಕ್ಕಿ, ಗ್ಯಾರಂಟಿ ದುಡ್ಡು ಬಂದು ಜನ ಸೋಮಾರಿಗಳಾದರು ಎಂದು ಎಲ್ಲರೂ ಹೇಳುತ್ತಾರೆ. ಇದು ನಿಜವೇ? ಊರಿನವರನ್ನು ಕುಯ್ಲಿಗೆ ಕರೆತರಲು ದಾರಿ ಇದೆಯೇ?

ಉತ್ತರ: ಸೋಮಾರಿತನ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ನಿಮ್ಮ ತೋಟದಲ್ಲೇ ನೋಡಿ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಓಡಿಸುವವರು, ಔಷಧಿ ಹೊಡೆಯುವವರು, ಪಿಕಪ್ ಓಡಿಸುವವರು, ಮರ ಹತ್ತಿ ಮೆಣಸು ಕುಯ್ಯುವವರು, ಮರಗಸಿ ಮಾಡುವವರು ಯಾರು? ಬಹುಪಾಲು ಊರಿನವರೇ. ಮರಗಸಿ ಎಂದರೆ ನೆರಳಿನ ಮರದ ಕೊಂಬೆ ಸವರುವುದು, ನೆಲದಿಂದ ಐವತ್ತು ಅಡಿ ಎತ್ತರದಲ್ಲಿ ಕತ್ತಿ ಹಿಡಿದು ಮಾಡುವ ಕೆಲಸ. ಅದಕ್ಕೆ ಸಿದ್ಧರಿರುವವರು ಹಣ್ಣು ಬಿಡಿಸಲು ಬರುವುದಿಲ್ಲ ಎಂದರೆ, ಕುಯ್ಲಿನ ಕೆಲಸವನ್ನು ನಾವು ಹೇಗೆ ಕೊಡುತ್ತಿದ್ದೇವೆ ಎಂದು ಮೊದಲು ನೋಡಬೇಕು.

ದುಡ್ಡಿನ ಲೆಕ್ಕದಿಂದಲೇ ಶುರು ಮಾಡೋಣ. ಕುಯ್ಲಿನ ದರ ತೋಟದಿಂದ ತೋಟಕ್ಕೆ, ಒಂದೇ ತೋಟದಲ್ಲಿ ವಾರದಿಂದ ವಾರಕ್ಕೆ ಬದಲಾಗುತ್ತದೆ. ಸದ್ಯಕ್ಕೆ ಕೆಜಿಗೆ 5 ರೂಪಾಯಿ ಎಂದಿಟ್ಟುಕೊಳ್ಳಿ. ಫಸಲು ತುಂಬಿದ ರೋಬಸ್ಟಾದಲ್ಲಿ ಪಳಗಿದ ಕೈ ದಿನಕ್ಕೆ 100 ಕೆಜಿ ದಾಟಿಸುತ್ತದೆ. 500 ರೂಪಾಯಿ ಸಿಕ್ಕಿತು. ಮೊದಲ ವಾರದ ಹುಡುಗ 40–45 ಕೆಜಿ ಬಿಡಿಸುವಷ್ಟರಲ್ಲಿ ಸಂಜೆಯಾಗಿರುತ್ತದೆ. ಅವನಿಗೆ 200–225 ರೂಪಾಯಿ. ಅದರಲ್ಲಿ ಬಸ್ಸು, ಬುತ್ತಿ, ಕಾಫಿ ತಿಂಡಿ ಕಳೆಯಿರಿ. ಉದ್ಯೋಗ ಖಾತರಿ ಯೋಜನೆಯ ಕೂಲಿಯೇ ಕರ್ನಾಟಕದಲ್ಲಿ 2025–26ಕ್ಕೆ ದಿನಕ್ಕೆ 370 ರೂಪಾಯಿ ಇತ್ತು. ಕೈ ಪಳಗಲು ಎರಡು ವಾರವಾದರೂ ಬೇಕು. ನಷ್ಟದಲ್ಲೇ ಕಲಿಯಬೇಕಾದ ಕಲಿಕೆಯ ದಿನಗಳು ಅವು. ಕೈ ಹತ್ತುವ ಹೊತ್ತಿಗೆ ನಿಮ್ಮ ತೋಟದ ಅರ್ಧ ಕುಯ್ಲು ಮುಗಿದಿರುತ್ತದೆ.

ಕಲಿಯಲು ಅದರಲ್ಲೇನಿದೆ ಎಂದು ಕೇಳಬಹುದು. ಗೊಂಚಲನ್ನು ಜಗ್ಗಬಾರದು, ತಿರುವಿ ಬಿಡಿಸಬೇಕು. ಜಗ್ಗಿದರೆ ಎಲೆ ಕಿತ್ತು ಬರುತ್ತದೆ, ಗಿಣ್ಣು ಗಾಯವಾಗುತ್ತದೆ, ಕೊಂಬೆ ಸೀಳುತ್ತದೆ, ಮುಂದಿನ ವರ್ಷದ ಫಸಲಿಗೂ ಪೆಟ್ಟು. ಟಾರ್ಪಾಲು ಹಾಸುವಾಗ ಬುಡ ಬಿಟ್ಟರೆ ಹಣ್ಣು ತರಗಿನೊಳಗೆ ಸೇರುತ್ತದೆ. ಹಾಗೆ ಉಳಿದ ಹಣ್ಣೇ ಕಾಯಿ ಕೊರೆಯುವ ಬೋರರ್ ಹುಳಕ್ಕೆ ಮನೆ. ಚಗಳಿ (ಕಚ್ಚುವ ಕೆಂಪಿರುವೆ) ಗೂಡು ಕಟ್ಟಿದ ಗಿಡವನ್ನು ದೂರದಿಂದಲೇ ಗುರುತಿಸಬೇಕು. ಗೊತ್ತಿಲ್ಲದೆ ಕೈ ಹಾಕಿದವನ ಕುತ್ತಿಗೆಯೊಳಗೆ ಇಳಿದರೆ ಆ ದಿನದ ಉತ್ಸಾಹ ಅಲ್ಲಿಗೇ ಮುಗಿಯಿತು. ಸಂಜೆ ಐವತ್ತು ಕೆಜಿ ಚೀಲವನ್ನು ಇಳಿಜಾರಿನಲ್ಲಿ ಹೊತ್ತು ತೂಕದ ಜಾಗಕ್ಕೆ ತರಬೇಕು. ಇಷ್ಟನ್ನು ಯಾರೂ ನಿಂತು ಹೇಳಿಕೊಡುವುದಿಲ್ಲ. ‘ಹೋಗಿ ಕುಯ್ಯಿ’ ಎಂದು ಗಿಡ ತೋರಿಸಿ ಹೋಗುತ್ತಾರೆ.

ಎರಡನೆಯದು ಅವಧಿ. ರೋಬಸ್ಟಾ ಕುಯ್ಲು ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ. ಕಾಫಿಯ ಇನ್ನೊಂದು ಜಾತಿಯಾದ ಅರೇಬಿಕಾದ್ದು ನವೆಂಬರ್‌ನಿಂದ ಜನವರಿವರೆಗೆ. ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಮೊದಲು ಗಿಡ ಖಾಲಿಯಾಗಬೇಕು, ಆದ್ದರಿಂದ ನಿಮ್ಮಂಥ ಒಂದು ತೋಟದಲ್ಲಿ ಕೆಲಸ ಒಂದು ಒಂದೂವರೆ ತಿಂಗಳಿಗೆ ಮಿಗುವುದಿಲ್ಲ. ಅಸ್ಸಾಮಿನಿಂದ ಎರಡು ಮೂರು ದಿನ ರೈಲಿನಲ್ಲಿ ಬಂದವರಿಗೆ ಇದು ಹೊಂದುತ್ತದೆ. ಅವರು ಗಂಡ ಹೆಂಡತಿ ಜೊತೆಯಾಗಿ ಬರುತ್ತಾರೆ, ತೋಟದವರು ಆಳುಗಳಿಗೆ ಕಟ್ಟಿಸಿದ ಲೈನ್ ಮನೆಯಲ್ಲಿ ಇರುತ್ತಾರೆ, ಒಂದು ತೋಟ ಮುಗಿಸಿ ಇನ್ನೊಂದಕ್ಕೆ ಹೋಗುತ್ತಾರೆ. ಕೂಡಿಟ್ಟ ದುಡ್ಡಿಗೆ ಅವರ ಊರಲ್ಲಿ ಬೆಲೆ ಹೆಚ್ಚು. ನಿಮ್ಮ ಊರಿನ ಹುಡುಗ ಹಾಗಲ್ಲ. ಹಾಸನದ ಕೈಗಾರಿಕಾ ಪ್ರದೇಶದ ಜವಳಿ ಕಾರ್ಖಾನೆಯಲ್ಲಿ ದಿನದ ಸಂಬಳ ಹೆಚ್ಚೇನಿಲ್ಲದಿದ್ದರೂ ಹನ್ನೆರಡು ತಿಂಗಳು ಕೆಲಸ, ಪಿಎಫ್, ಇಎಸ್‌ಐ ಇವೆ. ಆರು ವಾರದ ಕೂಲಿಗೆಂದು ಅಂಥ ಕೆಲಸದ ಹುಡುಕಾಟ ನಿಲ್ಲಿಸುವುದು ಅವನಿಗೆ ದುಬಾರಿ.

ಮೂರನೆಯದನ್ನು ತೋಟದವರು ಬಾಯಿಬಿಟ್ಟು ಹೇಳುವುದು ಕಡಿಮೆ, ಆದರೆ ಅದೇ ಹೆಚ್ಚು ಭಾರದ್ದು. ಲೈನಿನಲ್ಲಿ ಹುಟ್ಟಿದ ಎಷ್ಟೋ ತಂದೆತಾಯಿ ‘ನಮ್ಮ ಮಗ ಈ ಕಣಕ್ಕೆ ಕಾಲಿಡಬಾರದು’ ಎಂದೇ ಹೊಟ್ಟೆಬಟ್ಟೆ ಕಟ್ಟಿ ಓದಿಸಿದ್ದಾರೆ. ಅಜ್ಜನನ್ನು ಜಾತಿ ಹಿಡಿದು, ‘ಏ’ ಎಂದು ಕರೆದ ಅಂಗಳಕ್ಕೆ ಮೊಮ್ಮಗ ಪದವಿ ಪಡೆದು ಮತ್ತೆ ಬಂದು ನಿಲ್ಲಬೇಕೆಂದರೆ ಅದು ಬರೀ ಕೂಲಿಯ ಪ್ರಶ್ನೆಯಲ್ಲ. ಹೆಣ್ಣು ನೋಡಲು ಹೋದಾಗ ‘ಹುಡುಗ ಏನು ಮಾಡ್ತಾನೆ’ ಎಂದು ಕೇಳಿದರೆ ‘ಕುಯ್ಲಿಗೆ ಹೋಗ್ತಾನೆ’ ಎಂದು ಹೇಳುವ ಮನೆ ಇಲ್ಲ. ಬೇರೆ ಊರಿಗೆ ಹೋಗಿ ಇದೇ ಕಷ್ಟದ ಕೆಲಸ ಮಾಡಿದರೆ ಯಾರೂ ನೋಡುವುದಿಲ್ಲ. ಅಸ್ಸಾಮಿನವರು ಇಲ್ಲಿಗೆ ಬರುವುದು, ನಮ್ಮವರು ಬೆಂಗಳೂರಿಗೆ ಹೋಗುವುದು ಎರಡರಲ್ಲೂ ಈ ಅಂಶ ಇದೆ.

ಇದು ಮಲೆನಾಡಿಗೆ ಮಾತ್ರ ಸೇರಿದ್ದೂ ಅಲ್ಲ. ಅಮೆರಿಕದ ಉತ್ತರ ಕ್ಯಾರೊಲಿನಾದ ಬೆಳೆಗಾರರ ಸಂಘದ ಬಳಿ 2011ರಲ್ಲಿ ಸುಮಾರು 6,500 ಸೀಸನ್ ಕೆಲಸಗಳಿದ್ದವು. ಆ ರಾಜ್ಯದಲ್ಲಿ ಆಗ ನಿರುದ್ಯೋಗಿಗಳು ಸುಮಾರು 4,89,000. ಅರ್ಜಿ ಹಾಕಿದ ಸ್ಥಳೀಯರು 268, ಕೆಲಸ ಸಿಕ್ಕಿದ್ದು 245 ಮಂದಿಗೆ, ಮೊದಲ ದಿನ ಬಂದವರು 163. ಸೀಸನ್ ಮುಗಿಯುವವರೆಗೆ ಉಳಿದವರು 7 ಮಂದಿ. ಅಲ್ಲಿ ಅನ್ನಭಾಗ್ಯವೂ ಇಲ್ಲ, ಗೃಹಲಕ್ಷ್ಮಿಯೂ ಇಲ್ಲ.

ಗ್ಯಾರಂಟಿಯ ಮಾತಿಗೆ ಬಂದರೆ, ಗೃಹಲಕ್ಷ್ಮಿಯ 2,000 ರೂಪಾಯಿ ಶುರುವಾದದ್ದು 2023ರ ಆಗಸ್ಟ್‌ನಲ್ಲಿ. ಹೊರ ರಾಜ್ಯದ ಆಳುಗಳು ಈ ತೋಟಗಳಿಗೆ ಬರುತ್ತಿದ್ದುದು ಅದಕ್ಕೂ ಎಷ್ಟೋ ಮೊದಲು. ಯುವನಿಧಿಯಲ್ಲಿ ಪದವೀಧರರಿಗೆ ಸಿಗುವುದು ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಅದೂ ಹೆಚ್ಚೆಂದರೆ ಎರಡು ವರ್ಷ. ಪಳಗಿದ ಕೈ ಒಂದು ವಾರದಲ್ಲಿ ಅಷ್ಟು ದುಡಿಯುತ್ತದೆ. ಒಂದು ಪರಿಣಾಮವಂತೂ ಇದೆ. ಮನೆಯಲ್ಲಿ ಅಕ್ಕಿ ಇದ್ದರೆ, ಅಂದಿನ ಊಟಕ್ಕಾಗಿ ಯಾವ ದರಕ್ಕಾದರೂ ಒಪ್ಪಬೇಕಾದ ಒತ್ತಡ ಇರುವುದಿಲ್ಲ. ಅದು ತಪ್ಪು ಎಂದು ನಾವು ಹೇಳಲಾರೆವು.

ಇನ್ನು ದಾರಿ. ಮೊದಲು ನಿಮಗೆ ಎಷ್ಟು ಆಳು ಬೇಕು ಎಂದು ಲೆಕ್ಕ ಹಾಕಿ. ಎಕರೆಗೆ 50 ಕೆಜಿಯ 15 ಚೀಲ ಚೆರ್ರಿ (ಸಿಪ್ಪೆಸಮೇತ ಒಣಗಿಸಿದ ಹಣ್ಣು) ಬರುತ್ತದೆ ಎಂದುಕೊಂಡರೆ 10 ಎಕರೆಗೆ 7,500 ಕೆಜಿ. ಅಷ್ಟು ಒಣ ಚೆರ್ರಿಗೆ ಸುಮಾರು 18,000 ಕೆಜಿ ಹಸಿ ಹಣ್ಣು ಬಿಡಿಸಬೇಕು. ಒಬ್ಬರ ಒಂದು ದಿನದ ಕೆಲಸವನ್ನು ಒಂದು ಆಳು ಎಂದರೆ, ಪಳಗಿದವರಾದರೆ 180 ಆಳು, ಸೀಸನ್ ಪೂರ್ತಿ ದಿನಕ್ಕೆ ಸರಾಸರಿ 50 ಕೆಜಿ ಬಿಡಿಸುವ ಹೊಸಬರಾದರೆ 360. 30 ದಿನದಲ್ಲಿ ಮುಗಿಸಲು ಆರು ಮಂದಿ ಪಳಗಿದವರು ಸಾಕು, ಹೊಸಬರು ಹನ್ನೆರಡು ಮಂದಿ ಬೇಕು. ಮೊದಲ ವರ್ಷ ಎಲ್ಲವನ್ನೂ ಊರಿನವರಿಂದಲೇ ಮಾಡಿಸಲು ಹೋಗಬೇಡಿ. ನಾಲ್ಕು ಪಳಗಿದವರ ಜೊತೆ ನಾಲ್ಕು ಹೊಸಬರನ್ನು ಹಾಕಿ, ಒಂದೊಂದು ಸಾಲಿಗೆ ಒಬ್ಬೊಬ್ಬರನ್ನು ಜೋಡಿ ಮಾಡಿ.

ಮೊದಲ ಹತ್ತು ದಿನ ಹೊಸಬರಿಗೆ ಕೆಜಿ ಲೆಕ್ಕ ಬೇಡ, ದಿನಗೂಲಿ ಕೊಡಿ. ನಾಲ್ಕು ಮಂದಿಗೆ ದಿನಕ್ಕೆ ತಲಾ 200 ರೂಪಾಯಿ ಹೆಚ್ಚು ಬಿದ್ದರೂ ಹತ್ತು ದಿನಕ್ಕೆ 8,000 ರೂಪಾಯಿ. ಮುಂಗಡ ಪಡೆದ ಮೇಸ್ತ್ರಿ ಒಂದು ಗುಂಪು ಕಳಿಸದೆ ಹೋದರೆ ಆಗುವ ನಷ್ಟಕ್ಕಿಂತ ಇದು ಎಷ್ಟೋ ಕಡಿಮೆ. ಕೆಜಿ ಲೆಕ್ಕದಲ್ಲಿ ಕೊಡುವಾಗಲೂ ದಿನದ ದುಡಿಮೆ ಕನಿಷ್ಠ ವೇತನಕ್ಕಿಂತ ಕೆಳಗೆ ಇಳಿಯುವಂತಿಲ್ಲ, ನೆನಪಿರಲಿ.

ಕೆಲಸದ ಹೊತ್ತು ಬದಲಿಸಿ. ಊರಿನ ಹೆಂಗಸರು ದನ, ಅಡುಗೆ, ಮಕ್ಕಳ ಶಾಲೆ ಮುಗಿಸಿ 9 ಗಂಟೆಗೆ ಮೊದಲು ಬರಲಾರರು. ಕೆಜಿ ಲೆಕ್ಕದವರನ್ನು ಏಳೂವರೆಗೇ ಬರಬೇಕೆಂದು ಹಿಡಿಯುವುದರಿಂದ ನಿಮಗೇನೂ ಲಾಭವಿಲ್ಲ. ಆಲೂರು, ಸಕಲೇಶಪುರದ ಕಡೆ ಬೆಳಗಿನ ಹೊತ್ತು ತೋಟದ ದಾರಿಯಲ್ಲಿ ಆನೆ ಇರುವ ಭಯವೂ ಇದೆ. ಅರಣ್ಯ ಇಲಾಖೆಯ ಸಂದೇಶ ನೋಡಿಕೊಂಡು, ಊರಿನ ಸರ್ಕಲ್‌ನಿಂದ ಪಿಕಪ್‌ನಲ್ಲಿ ಎಲ್ಲರನ್ನೂ ಒಟ್ಟಿಗೆ ಕರೆತನ್ನಿ, ಬೆಳಕಿರುವಾಗಲೇ ಬಿಟ್ಟುಬನ್ನಿ.

ತೂಕದ ವಿಷಯದಲ್ಲಿ ಬಹಳ ಜನ ಮುನಿಸಿಕೊಂಡು ಹೋಗುತ್ತಾರೆ. ಸಂಜೆ ಸಿಲ್ವರ್ ಓಕ್ ಕೊಂಬೆಗೆ ತಕ್ಕಡಿ ನೇತುಹಾಕಿ ತೋಟದ ಲೆಕ್ಕ ಬರೆಯುವ ರೈಟರ್ ಕೂಗುತ್ತಾರೆ: ‘ಮೂವತ್ತೆಂಟು, ಚೀಲಕ್ಕೆ ಎರಡು, ಮೂವತ್ತಾರು.’ ಪ್ಲಾಸ್ಟಿಕ್ ಚೀಲದ ತೂಕ ನೂರೈವತ್ತು ಗ್ರಾಂ ದಾಟುವುದಿಲ್ಲ, ಗೋಣಿಚೀಲವೂ ಒಂದು ಕೆಜಿಯೊಳಗೆ. ದಿನಕ್ಕೆ ಮೂರು ಚೀಲದಲ್ಲಿ ಎರಡೆರಡು ಕೆಜಿ ಕಳೆದರೆ 6 ಕೆಜಿ, 30 ರೂಪಾಯಿ. ಲೆಕ್ಕ ಬರುವ ಪದವೀಧರ ಅದನ್ನು ಮೊದಲ ದಿನವೇ ಕಂಡುಕೊಳ್ಳುತ್ತಾನೆ, ಎರಡನೆಯ ದಿನ ಬರುವುದಿಲ್ಲ. ಖಾಲಿ ಚೀಲವನ್ನು ಎಲ್ಲರ ಎದುರು ತೂಗಿ ಅಷ್ಟನ್ನೇ ಕಳೆಯಿರಿ, ಮಧ್ಯಾಹ್ನ ಒಮ್ಮೆ ಸಂಜೆ ಒಮ್ಮೆ ತೂಗಿ, ಚೀಟಿ ಕೊಡಿ. ಬಟವಾಡೆ ಶನಿವಾರ ತಪ್ಪಬಾರದು.

ಕೊನೆಯದು, ಕುಯ್ಲಿಗೆ ಬಂದವರಿಗೆ ವರ್ಷದ ಉಳಿದ ಕೆಲಸವನ್ನು ಮೊದಲೇ ಮಾತಾಡಿ ಕೊಡಿ. ಕುಯ್ಲಾದ ಮೇಲೆ ಮೆಣಸು, ನಂತರ ಕಸಿ (ಕಾಫಿ ಗಿಡದ ಕೊಂಬೆ ಸವರುವುದು), ಮಳೆಗೆ ಮೊದಲು ಮರಗಸಿ ಮತ್ತು ಗೊಬ್ಬರ, ಆಮೇಲೆ ಚಿಗುರು ತೆಗೆಯುವುದು. 10 ಎಕರೆಯೊಂದೇ ಇಬ್ಬರು ಮೂವರಿಗಿಂತ ಹೆಚ್ಚು ಜನರನ್ನು ಸಾಕಲಾರದು. ಭಾರತದ ಕಾಫಿ ಬೆಳೆಗಾರರಲ್ಲಿ ಶೇ 98ಕ್ಕೂ ಹೆಚ್ಚು ಮಂದಿ 10 ಹೆಕ್ಟೇರಿಗಿಂತ ಕಡಿಮೆ ಇರುವವರು, ಆದ್ದರಿಂದ ಇದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಅಕ್ಕಪಕ್ಕದ ನಾಲ್ಕೈದು ತೋಟದವರು ಸೇರಿ ಒಂದೇ ಗುಂಪನ್ನು ಸರದಿಯಲ್ಲಿ ಕರೆದರೆ ಆರು ವಾರದ ಕೆಲಸ ಎಂಟು ಹತ್ತು ತಿಂಗಳಾಗುತ್ತದೆ. ಹಿಂದೆ ಸಣ್ಣ ಹಿಡುವಳಿಯವರು ಒಬ್ಬರ ಹೊಲಕ್ಕೆ ಇನ್ನೊಬ್ಬರು ಸರದಿಯಲ್ಲಿ ದುಡಿದು ಮುಯ್ಯಾಳು ಮಾಡುತ್ತಿದ್ದ ರೀತಿಯೇ ಇದು, ಕೂಲಿ ಸೇರಿಸಿಕೊಂಡು.

ಪ್ರಶ್ನೆ: ಮೂಡಿಗೆರೆ ಹತ್ತಿರದವನು. ಬಿ.ಕಾಂ. ಮುಗಿದು ಎರಡು ವರ್ಷವಾಯಿತು, ಕೆಲಸ ಸಿಕ್ಕಿಲ್ಲ. ಈ ಸಲ ಅರೇಬಿಕಾ ಕುಯ್ಲಿಗೆ ಹೋಗೋಣ ಎಂದಿದ್ದೇನೆ. ಏನೇನು ಕೇಳಿಕೊಂಡು ಹೋಗಬೇಕು?

ಉತ್ತರ: ಹೋಗಿ, ಆದರೆ ಒಬ್ಬರೇ ಹೋಗಬೇಡಿ. ಪರಿಚಯದ ಮೂರು ನಾಲ್ಕು ಜನ ಸೇರಿದರೆ ದರ ಮಾತಾಡುವುದೂ ಸುಲಭ, ದಿನ ಸಾಗುವುದೂ ಸುಲಭ. ಅರೇಬಿಕಾದಲ್ಲಿ ಹಣ್ಣಾದದ್ದನ್ನು ಮಾತ್ರ ಆರಿಸಿ ಬಿಡಿಸಬೇಕು. ಹಸಿರು ಕಾಯಿ ಪಲ್ಪರ್‌ನಲ್ಲಿ ಸಿಪ್ಪೆ ಬಿಡದೆ ಜಜ್ಜಿಹೋಗುತ್ತದೆ, ಅದಕ್ಕೇ ಚೀಲದಲ್ಲಿ ಕಾಯಿ ಕಂಡರೆ ರೈಟರ್ ಸಿಟ್ಟಾಗುವುದು. ಆದ್ದರಿಂದ ತೂಕ ರೋಬಸ್ಟಾದಷ್ಟು ಬರುವುದಿಲ್ಲ. ಮೊದಲ ಸುತ್ತಿನಲ್ಲಿ ಗಿಡದಲ್ಲಿ ಹಣ್ಣು ಅಲ್ಲೊಂದು ಇಲ್ಲೊಂದು. ಆಗ ದಿನಗೂಲಿಯನ್ನೇ ಕೇಳಿ. ಎರಡನೇ ಸುತ್ತು ತುಂಬು ಹಣ್ಣಿನದು, ಕೆಜಿ ಲೆಕ್ಕ ಆಗ ಲಾಭ. ಕೊನೆಯ ಸುತ್ತಿಗೆ ಮತ್ತೆ ದಿನಗೂಲಿ.

ಹೋಗುವ ಮೊದಲು ನಾಲ್ಕು ಮಾತು ಸ್ಪಷ್ಟ ಮಾಡಿಕೊಳ್ಳಿ: ದರ ಎಷ್ಟು, ಚೀಲಕ್ಕೆ ಎಷ್ಟು ಕಳೆಯುತ್ತಾರೆ, ಬಟವಾಡೆ ಯಾವ ದಿನ, ಬಿದ್ದು ಗಾಯವಾದರೆ ಆಸ್ಪತ್ರೆ ಖರ್ಚು ಯಾರದು. ತುಂಬು ತೋಳಿನ ಅಂಗಿ, ಮಣಿಕಟ್ಟಿಗೆ ರಬ್ಬರ್ ಬ್ಯಾಂಡ್, ಜಾರದ ಬೂಟು ಇರಲಿ. ನವೆಂಬರ್‌ನಲ್ಲಿ ಇಬ್ಬನಿ ಒಂಬತ್ತೂವರೆವರೆಗೂ ಎಲೆಯಿಂದ ಸುರಿಯುತ್ತದೆ, ಒಂದು ಜೊತೆ ಬಟ್ಟೆ ಹೆಚ್ಚಿಗೆ ಇಟ್ಟುಕೊಳ್ಳಿ. ನಿಮ್ಮ ಬಿ.ಕಾಂ. ಅನ್ನು ಮುಚ್ಚಿಡಬೇಡಿ. ಒಂದು ಸೀಸನ್ ಹಣ್ಣು ಬಿಡಿಸಿ ಕೆಲಸ ಅರಿತವರಿಗೆ ರೈಟರ್ ಕೆಲಸ, ಕಣದ ಲೆಕ್ಕ, ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ದಾಸ್ತಾನು ನೋಡುವ ಕೆಲಸ ಸಿಗುವ ಸಾಧ್ಯತೆ ಇದೆ.

ಪ್ರಶ್ನೆ: ಆಳಿನ ತೊಂದರೆಗೆ ಯಂತ್ರವೇ ಪರಿಹಾರವಲ್ಲವೇ? (ಬೇಲೂರು)

ಉತ್ತರ: ಬ್ರೆಜಿಲ್‌ನ ಎಷ್ಟೋ ದೊಡ್ಡ ತೋಟಗಳಲ್ಲಿ ಸಮತಟ್ಟು ನೆಲ, ನೆರಳಿಲ್ಲದ ನೇರ ಸಾಲು, ದೊಡ್ಡ ಯಂತ್ರ ಗಿಡದ ಮೇಲೇ ಹಾದುಹೋಗುತ್ತದೆ. ನಮ್ಮ ಇಳಿಜಾರು, ಮರದ ನೆರಳು, ಒಂದೇ ಕೊಂಬೆಯಲ್ಲಿ ಹಣ್ಣೂ ಕಾಯಿಯೂ ಇರುವ ಅರೇಬಿಕಾಕ್ಕೆ ಅದು ಬರುವುದಿಲ್ಲ. ಕೈಯಲ್ಲಿ ಹಿಡಿಯುವ ಬ್ಯಾಟರಿ ಅಥವಾ ಪೆಟ್ರೋಲ್ ಯಂತ್ರ ಒಟ್ಟಿಗೆ ಹಣ್ಣಾಗುವ ರೋಬಸ್ಟಾದಲ್ಲಿ ಉಪಯೋಗಕ್ಕೆ ಬರುತ್ತದೆ. ಆಗಲೂ ಟಾರ್ಪಾಲು ಹಾಸಲು, ಎಲೆ ಕಡ್ಡಿ ಆರಿಸಲು ಜನ ಬೇಕೇ ಬೇಕು. ಕೊಳ್ಳುವ ಮೊದಲು ನಿಮ್ಮದೇ ತೋಟದ ಹತ್ತು ಗಿಡಗಳಲ್ಲಿ ಓಡಿಸಿ ನೋಡಿ: ಎಷ್ಟು ಕಾಯಿ ಉದುರಿತು, ಎಷ್ಟು ಕೊಂಬೆ ಸಿಗಿಯಿತು ಎಂದು ಎಣಿಸಿ.