ಫಿಗ್ಮಾ 90%, ಬಾಕಿ 10% ಏನು?

ಆ್ಯಪ್, ವೆಬ್‌ಸೈಟ್‌ಗಳ ನೋಟ ಮತ್ತು ಬಳಕೆಯನ್ನು ರೂಪಿಸುವ ಯುಐ, ಯುಎಕ್ಸ್ ಡಿಸೈನರ್ ಆಗಬೇಕು ಅಂತ ಹೊರಟವರು, ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಬಂದಾಗ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಮೇಡಂ, ಇನ್ನೂ ಯಾವ ಟೂಲ್ ಕಲೀಬೇಕು?" ಈ ಪ್ರಶ್ನೆ ಪದೇ ಪದೇ ಬರುವುದರಿಂದ ಒಂದು ಪ್ರಕರಣ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಇಪ್ಪತ್ತೇಳರ ಆಸುಪಾಸಿನ ಯುವಕ. ಕಸ್ಟಮರ್ ಕೇರ್‌ನಲ್ಲಿ ಫೋನ್ ಕರೆ ತೆಗೆದುಕೊಳ್ಳುವ ಕೆಲಸ ಬಿಟ್ಟು, ವಿಡಿಯೊ ಮತ್ತು ಕೋರ್ಸ್‌ಗಳಿಂದ ಡಿಸೈನ್ ಕಲಿಯುತ್ತಿದ್ದರು. ಬಂದದ್ದು ನಿದ್ದೆ ಬರುತ್ತಿಲ್ಲ ಅಂತ. ಒಂದೇ ಒಂದು ಕಡೆಯೂ ಅರ್ಜಿ ಹಾಕಿರಲಿಲ್ಲ. "ಇದೊಂದು ಟೂಲ್ ಮುಗಿಸಿ ಹಾಕ್ತೀನಿ" ಅನ್ನುತ್ತಾ ಅನ್ನುತ್ತಾ ತಿಂಗಳುಗಳು ಹೋಗಿದ್ದವು.

ಮಾತು ತಿರುಗಿದ್ದು, ಅವರು ತಮ್ಮ ಕೆಲಸಗಳನ್ನು ಜೋಡಿಸಿಟ್ಟ ಪೋರ್ಟ್‌ಫೋಲಿಯೊ ನೋಡಿದ ದಿನ. ಮೊದಲ ಪುಟದ ತುಂಬ, ಯಾವ ಡಿಸೈನ್ ಟೂಲ್ ಎಷ್ಟು ಗೊತ್ತು ಅಂತ ತೋರಿಸುವ ಬಣ್ಣದ ಪಟ್ಟಿಗಳು. ಫಿಗ್ಮಾ 90%, ಅಡೋಬ್ ಎಕ್ಸ್‌ಡಿ 80%, ಇನ್‌ವಿಷನ್ 75%, ಸ್ಕೆಚ್ 70%. ಸ್ಕೆಚ್‌ನಲ್ಲಿ ಡಿಸೈನ್ ಮಾಡಲು ಮ್ಯಾಕ್ ಬೇಕು. ಅವರ ಹತ್ತಿರ ಇದ್ದದ್ದು ವಿಂಡೋಸ್ ಲ್ಯಾಪ್‌ಟಾಪ್. ಕೇಳಿದರೆ, "ವಿಡಿಯೊ ನೋಡಿ ಕಲಿತೆ" ಅಂದರು.

"ಸರಿ, ಫಿಗ್ಮಾದಲ್ಲಿ ಬಾಕಿ 10% ಏನು?" ಅಂದೆ.

ತುಂಬ ಹೊತ್ತು ಸ್ಕ್ರೀನ್ ನೋಡುತ್ತಾ ಕೂತರು. "ಗೊತ್ತಿಲ್ಲ ಮೇಡಂ. ನೂರು ಅಂತ ಹಾಕೋಕೆ ಭಯ ಆಯ್ತು."

"ಕಸ್ಟಮರ್ ಕೇರ್ ಕೆಲಸದ ಬಗ್ಗೆ ಎಲ್ಲೂ ಬರೆದಿಲ್ಲವಲ್ಲ?"

"ಅದು ಡಿಸೈನ್ ಅಲ್ವಲ್ಲ."

"ಜನ ಯಾಕೆ ಫೋನ್ ಮಾಡ್ತಿದ್ರು?"

ಅಲ್ಲಿಂದ ಅವರ ಮಾತು ನಿಲ್ಲಲಿಲ್ಲ. ಉದ್ದನೆಯ ಒಂದು ಅರ್ಜಿ ಫಾರ್ಮ್. ಕೊನೆಯಲ್ಲಿ ಬಟನ್. ಎಲ್ಲೋ ತಪ್ಪಾಗಿದ್ದರೆ ಅದನ್ನು ಹೇಳುವ ಕೆಂಪು ಸಾಲು ಪುಟದ ಮೇಲ್ತುದಿಯಲ್ಲಿ ಬರುತ್ತಿತ್ತು. ಮೊಬೈಲ್‌ನಲ್ಲಿ ಕೆಳಗಿನ ಬಟನ್ ಒತ್ತುವವರಿಗೆ ಆ ತುದಿ ಕಾಣುವುದೇ ಇಲ್ಲ. ಬಟನ್ ಕೆಟ್ಟಿದೆ ಅಂದುಕೊಂಡು ಮತ್ತೆ ಮತ್ತೆ ಒತ್ತುತ್ತಾರೆ, ಆಮೇಲೆ ಸಿಟ್ಟಿನಿಂದ ಫೋನ್ ಮಾಡುತ್ತಾರೆ. "ಸ್ವಲ್ಪ ಮೇಲಕ್ಕೆ ಹೋಗಿ ನೋಡಿ ಸರ್ ಅಂತ ದಿನಾ ಹೇಳ್ತಿದ್ದೆ."

ನನ್ನ ಪೆನ್ ತೆಗೆದುಕೊಂಡು ಹಾಳೆಯ ಹಿಂಬದಿಯಲ್ಲಿ ಎರಡು ಚೌಕ ಗೀಚಿದರು. ತಪ್ಪು ಯಾವ ಖಾನೆಯಲ್ಲಿದೆಯೋ ಅದರ ಕೆಳಗೇ ಸೂಚನೆ ಬರಬೇಕು. ಬಟನ್ ಒತ್ತಿದ ಕೂಡಲೇ ಸ್ಕ್ರೀನ್ ತಾನಾಗಿ ಮೊದಲ ತಪ್ಪಿನ ಹತ್ತಿರ ಹೋಗಬೇಕು. ತುಂಬಿದ್ದು ಅಳಿಸಿಹೋಗಬಾರದು. ಕೆಂಪು ಬಣ್ಣ ಒಂದೇ ಸಾಲದು, ಬಣ್ಣದ ವ್ಯತ್ಯಾಸ ಕಾಣದವರಿಗಾಗಿ ಏನು ತಪ್ಪಾಗಿದೆ ಅಂತ ಬರೆದೂ ಇರಬೇಕು. ಇಷ್ಟೂ ಅವರೇ ಹೇಳಿದ್ದು. ಅಲ್ಲಿಯವರೆಗೆ ನನ್ನ ಮುಖ ನೋಡಿ ಮಾತಾಡಿರದ ಮನುಷ್ಯ.

ಆ ದಿನ ನಾನು ಕೊಟ್ಟ ಸಲಹೆ ಕಟ್ಟುನಿಟ್ಟಾಗಿತ್ತು. ಈ ಫಾರ್ಮನ್ನು ಹೊಸದಾಗಿ ಡಿಸೈನ್ ಮಾಡಿ ಮುಗಿಸುವವರೆಗೆ ಹೊಸ ಕೋರ್ಸ್ ಬೇಡ. ಟೂಲ್ ಅಂತ ಫಿಗ್ಮಾ ಒಂದೇ ಸಾಕು. ಬ್ರೌಸರ್‌ನಲ್ಲೇ ನಡೆಯುತ್ತದೆ, ಕಲಿಯುವವರಿಗೆ ಉಚಿತ ಖಾತೆಯೇ ಸಾಲುತ್ತದೆ. ಅದರಲ್ಲೂ ಎಲ್ಲವನ್ನೂ ಕಲಿಯಬೇಕಿಲ್ಲ. ವಿಷಯ ಜಾಸ್ತಿಯಾದರೆ ಚೌಕವೂ ತಾನಾಗಿ ಹಿಗ್ಗುವಂತೆ ಮಾಡುವ ಆಟೊ ಲೇಔಟ್, ಒಂದು ಬಟನ್ ಬದಲಿಸಿದರೆ ಎಲ್ಲ ಪುಟಗಳಲ್ಲೂ ಬದಲಾಗುವಂತೆ ಮಾಡುವ ಕಾಂಪೊನೆಂಟ್, ಪುಟಗಳನ್ನು ಜೋಡಿಸಿ ಒತ್ತಿ ನೋಡುವ ಪ್ರೊಟೊಟೈಪ್. ಈ ಮೂರು ಕೈಗೆ ಹತ್ತಬೇಕು. ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್, ಅಂದರೆ ಹೊಳಪಿನ ವ್ಯತ್ಯಾಸ, ಕನಿಷ್ಠ 4.5:1 ಇದೆಯೇ ಅಂತ ನೋಡಬೇಕು, ಅದು ಅಂಗವಿಕಲರೂ ಬಳಸಬಲ್ಲ ವೆಬ್ ಪುಟಗಳಿಗಾಗಿ ಇರುವ ಡಬ್ಲ್ಯುಸಿಎಜಿ ಮಾರ್ಗಸೂಚಿ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಹೇಳುವ ಅಳತೆ. ಆಮೇಲೆ ನಾಲ್ಕೈದು ಜನರ ಕೈಗೆ ಫೋನ್ ಕೊಟ್ಟು, ಆ ಫಾರ್ಮ್ ತುಂಬಲು ಹೇಳಿ, ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂರಬೇಕು. ಈ ಕೊನೆಯದ್ದಕ್ಕೆ ಮಾತ್ರ ಅವರು ಬೇಡ ಅಂದರು. ಭಯ ಇದ್ದದ್ದು ಅಲ್ಲೇ.

ಸಲಹೆಗಾರರು ದಾರಿ ತೋರಿಸಬಾರದು, ಅವರೇ ಹುಡುಕಿಕೊಳ್ಳುವಾಗ ಜೊತೆಗಿರಬೇಕು ಅಂತ ನಮ್ಮ ವೃತ್ತಿಯಲ್ಲಿ ಹೇಳುತ್ತಾರೆ. ಬಹುಪಾಲು ನಾನೂ ಹಾಗೇ ನಡೆದುಕೊಳ್ಳುತ್ತೇನೆ. ಆದರೆ ಇಲ್ಲಿ ಪ್ರತಿ ಹೊಸ ಕೋರ್ಸ್ ನಾಲ್ಕು ದಿನ ನೆಮ್ಮದಿ ಕೊಟ್ಟು, ಭಯವನ್ನು ಇನ್ನಷ್ಟು ಬೆಳೆಸುತ್ತಿತ್ತು. ತಪ್ಪಿಸಿಕೊಳ್ಳುವುದರಿಂದ ಆತಂಕ ಆ ಹೊತ್ತಿಗೆ ತಗ್ಗುತ್ತದೆ, ಮುಂದಿನ ಸಲ ಇನ್ನೂ ಜೋರಾಗಿ ಬರುತ್ತದೆ. ಜೊತೆಗೆ ಅವರ ಹತ್ತಿರ ಇದ್ದ ಮಾಹಿತಿಯೂ ಹಳೆಯದು. ಎಕ್ಸ್‌ಡಿಯನ್ನು ಬಿಡಿಯಾಗಿ ಮಾರುವುದನ್ನು ಅಡೋಬ್ 2023ರಲ್ಲೇ ನಿಲ್ಲಿಸಿತು. ಇನ್‌ವಿಷನ್‌ನ ಡಿಸೈನ್ ಸೇವೆ 2024ರ ಕೊನೆಗೆ ಮುಚ್ಚಿತು. ಅದಕ್ಕೂ ಮುಂಚೆ ಎಷ್ಟೋ ಡಿಸೈನರ್‌ಗಳು ನೆಚ್ಚಿಕೊಂಡಿದ್ದ ಫೈರ್‌ವರ್ಕ್ಸ್ ಅನ್ನುವ ಟೂಲ್ 2013ರಲ್ಲಿ ನಿಂತಿತ್ತು. ಒಬ್ಬರು ರಾತ್ರಿ ನಿದ್ದೆಗೆಟ್ಟು ಬಾಗಿಲು ಹಾಕಿದ ಅಂಗಡಿಯ ಮುಂದೆ ಕಾಯುತ್ತಿರುವಾಗ, ಸುಮ್ನೆ ತಲೆಯಾಡಿಸುತ್ತಾ ಕೂರುವುದು ಸಲಹೆ ಅಂತ ನನಗನ್ನಿಸುವುದಿಲ್ಲ.

ಅವರು ಕೊನೆಗೂ ಜನರ ಮುಂದೆ ಕೂತರು. ಇಬ್ಬರು ಒಂದೇ ಕಡೆ ಸಿಕ್ಕಿಹಾಕಿಕೊಂಡರು, ತಪ್ಪು ತೋರಿಸುವ ಸಾಲನ್ನು ಕೀಬೋರ್ಡ್ ಮುಚ್ಚಿತ್ತು. ಅದನ್ನು ಸರಿಪಡಿಸಿ, ಮೊದಲು ಹೇಗಿತ್ತು, ಯಾಕೆ ಬದಲಿಸಿದೆ ಅಂತ ಬರೆದು ಪೋರ್ಟ್‌ಫೋಲಿಯೊಗೆ ಹಾಕಿದ್ದಾರೆ. ಅರ್ಜಿಗಳೂ ಹೋಗುತ್ತಿವೆ. ಕೆಲಸ ಇನ್ನೂ ಸಿಕ್ಕಿಲ್ಲ, ನಿದ್ದೆ ಪರವಾಗಿಲ್ಲ.

ಎರಡನೇ ಟೂಲ್ ಯಾವುದು ಅಂತ ಓದುವವರು ಕೇಳಿಯೇ ಕೇಳುತ್ತೀರಿ. ಕೈಯಲ್ಲಿರುವ ಕೆಲಸವನ್ನು ನೋಡಿ ಹೇಳಬೇಕಾದ ಮಾತದು. ಷರತ್ತುಗಳು ಜಾಸ್ತಿ ಇರುವ, ಒಂದು ಉತ್ತರಕ್ಕೆ ಇನ್ನೊಂದು ಪುಟ ತೆರೆಯುವಂಥ ಕೆಲಸವಾದರೆ ಆಕ್ಷರ್. ಬೆರಳಿನ ಚಲನೆ, ಫೋನಿನ ಸೆನ್ಸರ್‌ಗೆ ಸ್ಪಂದಿಸುವ ಮಾದರಿ ಬೇಕಾದರೆ ಪ್ರೊಟೊಪೈ. ಮುಕ್ತ ತಂತ್ರಾಂಶವೇ ಬೇಕು ಅನ್ನುವವರಿಗೆ ಪೆನ್‌ಪಾಟ್. ಮಾಡಿದ ಸೈಟನ್ನು ನೇರವಾಗಿ ಪ್ರಕಟಿಸಬೇಕಾದರೆ ಫ್ರೇಮರ್. ಇವುಗಳ ನಡುವೆ ಎಲ್ಲರೂ ಬಿಡುವುದು ವೆಬ್ ಪುಟಗಳನ್ನು ಕಟ್ಟುವ ಎಚ್‌ಟಿಎಂಎಲ್ ಮತ್ತು ಅವುಗಳಿಗೆ ರೂಪ ಕೊಡುವ ಸಿಎಸ್‌ಎಸ್. ಪ್ರೋಗ್ರಾಮರ್ ಆಗಬೇಕು ಅಂತಲ್ಲ. ಬ್ರೌಸರ್‌ನಲ್ಲಿ ಪುಟದ ಕೋಡ್ ತೋರಿಸುವ ಇನ್‌ಸ್ಪೆಕ್ಟ್ ತೆರೆದು ಒಂದು ಬಟನ್‌ನ ಸುತ್ತ ಎಷ್ಟು ಜಾಗ ಬಿಟ್ಟಿದ್ದಾರೆ ಅಂತ ಓದಲು ಬಂದರೂ, ಡೆವಲಪರ್ ಜೊತೆಗಿನ ಅರ್ಧ ಜಗಳ ತಪ್ಪುತ್ತದೆ.